ಅಕ್ಕ ಗಾಡಿ ನಿಲ್ಲಿಸಿದ ಜಾಗ

ನನ್ನ ಅಕ್ಕನಿಗೆ ಮರುಭೂಮಿಯ ಹುಚ್ಚು ಹಿಡಿದದ್ದು ಐವತ್ತರ ಹತ್ತಿರ ಬಂದ ಮೇಲೆ. ಮಗಳು ಕಾಲೇಜಿಗೆಂದು ಮನೆ ಬಿಟ್ಟ ವರ್ಷ, ಯಾರೋ ಬಳಸಿ ಮಾರಿದ್ದ ಒಂದು ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿಯನ್ನು ತಂದು ಪ್ಲೆಸೆಂಟನ್ನಿನ ತನ್ನ ಮನೆಯ ಮುಂದೆ ನಿಲ್ಲಿಸಿದಳು. ಆ ಬೀದಿಯವರೆಲ್ಲ ಆಗಲೇ ಒಬ್ಬೊಬ್ಬರಾಗಿ ಸದ್ದು ಮಾಡದ ಬ್ಯಾಟರಿ ಕಾರುಗಳಿಗೆ ಬದಲಾಗುತ್ತಿದ್ದರು. ಅಕ್ಕನ ಗಾಡಿ ಶುರುವಾದರೆ ಪಕ್ಕದ ಮನೆಯ ನಾಯಿ ಎದ್ದು ಬೊಗಳುತ್ತಿತ್ತು. ಅವಳು ಗಾಡಿಗೆ ‘ಎಮ್ಮಿ’ ಎಂದು ಹೆಸರಿಟ್ಟಳು. ಧಾರವಾಡದ ನಮ್ಮ ಓಣಿಯ ಎಮ್ಮೆಗಳ ಹಾಗೇ ಇತ್ತು ಅದು: ಕಪ್ಪು, ದಪ್ಪ, ಅವಸರವಿಲ್ಲದ್ದು, ಎದುರು ಬಂದವರಿಗೆ ದಾರಿ ಬಿಡದ್ದು.

ಅಕ್ಕ ಸಿವಿಲ್ ಇಂಜಿನಿಯರು. ರಸ್ತೆ, ಚರಂಡಿ, ತಡೆಗೋಡೆಗಳ ಕೆಲಸದಲ್ಲೇ ಜೀವನ ಕಳೆದವಳು. ಮಣ್ಣು ಎಲ್ಲಿ ಗಟ್ಟಿ, ನೀರು ಯಾವ ಕಡೆ ಹರಿದು ಹೋಗಿರಬೇಕು, ಯಾವ ಕಲ್ಲಿನ ಮೇಲೆ ಗಾಲಿ ಇಟ್ಟರೆ ಅದು ಜಾರುತ್ತದೆ, ಇವೆಲ್ಲ ಅವಳಿಗೆ ನೋಡಿದ ಕೂಡಲೇ ತಿಳಿಯುತ್ತಿದ್ದವು. ಸಿಯೆರಾ ಪರ್ವತ ದಾಟಿದರೆ ಆಚೆ ನೆವಾಡಾ ಗಡಿಯ ಗುಂಟ ಬೋಳು ಬೆಟ್ಟಗಳ ಸಾಲು ಸಾಲೇ ಇದೆ. ಬೆಳ್ಳಿ ಗಣಿಗಳಿದ್ದ ಕಾಲಕ್ಕೆ ಯಾರೋ ಕಡಿದು ಬಿಟ್ಟುಹೋದ ಮಣ್ಣಿನ ದಾರಿಗಳು ಅಲ್ಲಿ ಇನ್ನೂ ಉಳಿದಿವೆ. ಅಂಥ ದಾರಿ ಹುಡುಕಿಕೊಂಡು ಹೋಗಿ, ಮನುಷ್ಯರ ಸುಳಿವಿಲ್ಲದ ಕಡೆ ಡೇರೆ ಹಾಕಿ, ಒಂದೆರಡು ರಾತ್ರಿ ಇದ್ದು ಬರುವುದು ಅವಳ ಹುಚ್ಚು.

ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ. ಮಾಮಾನಿಗೆ ಧೂಳು ಆಗದು, ಬಯಲಿನಲ್ಲಿ ಮಲಗುವುದಂತೂ ದೂರದ ಮಾತು. ಹಾಗಾಗಿ ಜೊತೆಗೆ ಹೋಗುವವಳು ನಾನು. ಅದು ಶುರುವಾದದ್ದು ನನ್ನ ಮದುವೆ ಮುರಿದ ವರ್ಷ. ಆಗ ನಾನು ಓಕ್ಲ್ಯಾಂಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಬಿಚ್ಚದ ಡಬ್ಬಗಳ ನಡುವೆ, ಕೆಲಸಕ್ಕೂ ಹೋಗದೆ ಬಿದ್ದುಕೊಂಡಿದ್ದೆ. ಒಂದು ಬೆಳಿಗ್ಗೆ ಅಕ್ಕ ಬಂದು ಬಾಗಿಲು ಬಡಿದು, “ಏಳು. ಸ್ವೆಟರ್ ತುಂಬ್ಕೊ. ಅಳೋದಿದ್ರ ಅಲ್ಲೆ ಅಳು, ಯಾರಿಗೂ ಕೇಳ್ಸಂಗಿಲ್ಲ,” ಅಂದಳು. ಹೋದೆ. ಅಲ್ಲಿ ಹೋದ ಮೇಲೆ ಅಳು ಬರಲಿಲ್ಲ. ಅಷ್ಟು ದೊಡ್ಡ ಖಾಲಿ ಜಾಗ ನೋಡಿ ಬಾಯಿ ತೆರೆದುಕೊಂಡು ಕೂತಿದ್ದೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಪ್ರತಿ ವರ್ಷ, ಬಿಸಿಲಿಳಿದು ಹಿಮ ಬೀಳುವುದರೊಳಗೆ, ನಾವಿಬ್ಬರೂ ಹೋಗಿ ಬಂದಿದ್ದೇವೆ.

ಈಗ ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ಅಕ್ಕ ನಿವೃತ್ತಿಯಾಗಿ ಆಗಲೇ ಸ್ವಲ್ಪ ಕಾಲವಾಗಿತ್ತು. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಪಾಳಿ ಮುಗಿಸಿ, ಓಕ್ಲ್ಯಾಂಡಿನಿಂದ ಟ್ರೇನು ಹಿಡಿದು ಪ್ಲೆಸೆಂಟನ್ನಿಗೆ ಹೋದೆ. ಸ್ಟೇಷನ್ನಿಗೆ ಯಾವಾಗಲೂ ಅಕ್ಕನೇ ಬರುತ್ತಿದ್ದಳು. ಅವತ್ತು ಮಾಮಾ ಬಂದಿದ್ದರು. ಕಾರು ಹೊರಡಿಸುವ ಮೊದಲು ನನ್ನ ಕಡೆ ತಿರುಗಿದರು.

“ಈ ಸಲ ಫೋನ್‌ನ್ಯಾಗ ಮ್ಯಾಪ್ ಇಳಿಸ್ಕೊಂಡು ಹೋಗವಾ. ಅಲ್ಲೆ ಸಿಗ್ನಲ್ ಇರಂಗಿಲ್ಲ,” ಅಂದರು.

“ಅಕ್ಕ ಇರ್ತಾಳಲ್ಲ ಮಾಮಾ, ಮ್ಯಾಪ್ ಯಾಕ?”

“ಇರ್ಲಿ. ಇದ್ರ ಏನ್ ತೊಂದ್ರಿ?”

ಮಾಮಾ ಮೊದಲಿಂದಲೂ ಅಂಜುಬುರುಕರು. ಫ್ರೀವೇಯಲ್ಲಿ ಲೇನು ಬದಲಿಸಬೇಕಾದರೂ ನಾಲ್ಕು ಸಲ ಹಿಂದೆ ನೋಡುವವರು. ಅವರ ಸಮಾಧಾನಕ್ಕೆಂದು ಆ ಸಂಜೆ ಮ್ಯಾಪು ಇಳಿಸಿಕೊಂಡೆ. ಅಡುಗೆಮನೆಯಲ್ಲಿ ಅಕ್ಕ ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲವನ್ನೂ ಡಬ್ಬಿಗೆ ತುಂಬಿದ್ದಳು. ಕೈ ಚುರುಕಾಗಿಯೇ ಇತ್ತು. ಮಾತೂ ಎಂದಿನಂತೆಯೇ. ನನಗೆ ಅನುಮಾನ ಬರುವಂಥದ್ದು ಏನೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಹೊರಟೆವು. ಪರ್ವತದ ಘಾಟಿ ಹತ್ತಿ ಇಳಿದು, ಆಚೆ ಬದಿಯ ಕಣಿವೆಯ ಕೊನೆಯ ಊರಿನಲ್ಲಿ ಪೆಟ್ರೋಲು ತುಂಬಿಸಿ, ಡಾಂಬರು ಮುಗಿಯುವ ಜಾಗಕ್ಕೆ ಬಂದಾಗ ಮಧ್ಯಾಹ್ನ. ಮಣ್ಣಿನ ದಾರಿ ಹಿಡಿಯುವ ಮೊದಲು ಟೈರುಗಳಿಂದ ಒಂದಿಷ್ಟು ಗಾಳಿ ಬಿಡಬೇಕು. ಟೈರು ಮೆತ್ತಗಾದರೆ ಕಲ್ಲಿನ ಮೇಲೆ ಅಂಟಿಕೊಂಡು ನಡೆಯುತ್ತದೆ. ಅಕ್ಕ ಒಂದೊಂದೇ ಟೈರಿನ ಬಳಿ ಕುಕ್ಕರುಗಾಲಲ್ಲಿ ಕೂತು ಗಾಳಿ ಬಿಟ್ಟು, ಮೀಟರು ಹಚ್ಚಿ ನೋಡಿ ಎದ್ದಳು. ನಾನು ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟೆ. ಕುಡಿದಳು. ಲೋಟ ಕೆಳಗಿಟ್ಟು ಮತ್ತೆ ಮೊದಲನೆಯ ಟೈರಿನ ಬಳಿ ಹೋಗಿ ಕೂತಳು. ಗಾಳಿ ಸುಯ್ಯೆಂದು ಹೊರಬರುವುದು ಕೇಳಿಸಿತು.

“ಅಕ್ಕಾ, ಈಗ ಇಳಿಸಿದ್ಯಲ್ಲ?”

“ಇಳಿಸೇನಿ?” ಅವಳು ನನ್ನನ್ನೂ ಟೈರನ್ನೂ ನೋಡಿದಳು. ಆಮೇಲೆ, “ಗೊತ್ತದ. ಸರಿ ಇಳದದ ಇಲ್ಲೋ ನೋಡ್ಲಿಕತ್ತಿದ್ದೆ,” ಅಂದು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡಳು.

ನಾನು ಅದನ್ನು ಅಲ್ಲಿಗೇ ಬಿಟ್ಟೆ. ಔಷಧದ ಕೆಲಸ ಮಾಡುವವಳು ನಾನು. ನೆನಪು ಕಳೆದುಕೊಳ್ಳುತ್ತಿರುವವರಿಗೆ ಬರೆದುಕೊಡುವ ಮಾತ್ರೆಗಳು ದಿನವೂ ನನ್ನ ಕೈ ದಾಟಿ ಹೋಗುತ್ತವೆ. ಆದರೂ ಆ ಕ್ಷಣಕ್ಕೆ ನನ್ನ ತಲೆಗೆ ಬಂದದ್ದು ಇಷ್ಟೇ: ವಯಸ್ಸಾಯಿತು, ಬೆಳಗಿನಿಂದ ಡ್ರೈವ್ ಮಾಡಿದ್ದಾಳೆ, ದಣಿದಿದ್ದಾಳೆ.

ನಾವು ಹೋಗಬೇಕಾಗಿದ್ದದ್ದು ನಮಗೆ ಚೆನ್ನಾಗಿ ಗೊತ್ತಿದ್ದ ಜಾಗ. ಬೆಟ್ಟದ ಬೆನ್ನಿನ ಮೇಲೆ ಗಿಡ್ಡ ಪೈನ್ ಮರಗಳ ನಡುವೆ ಒಂದು ಸಮತಟ್ಟು. ಅಲ್ಲಿಂದ ಕೆಳಗೆ ಒಣಗಿದ ಉಪ್ಪಿನ ಕೆರೆ ಬೆಳ್ಳಗೆ ಹರಡಿಕೊಂಡಿದ್ದು ಕಾಣುತ್ತದೆ. ಎಷ್ಟೋ ಸಲ ಅಲ್ಲಿ ಡೇರೆ ಹಾಕಿದ್ದೇವೆ. ಒಣ ಹಳ್ಳದ ಗುಂಟ ಬಹಳ ದೂರ ಹೋದ ಮೇಲೆ ದಾರಿ ಎರಡಾಗಿ ಒಡೆಯುತ್ತದೆ. ಬಲಕ್ಕೆ ತಿರುಗಿದರೆ ತುಕ್ಕು ಹಿಡಿದ ಒಂದು ನೀರಿನ ಟಾಕಿ, ಅದನ್ನು ದಾಟಿದರೆ ಏರು. ಅಕ್ಕ ಎಡಕ್ಕೆ ತಿರುಗಿಸಿದಳು.

“ಬಲಕ್ಕ ಅಲ್ಲೇನ ಅಕ್ಕಾ?”

“ಎಡಕ್ಕ.”

“ನೀರಿನ ಟಾಕಿ ಆ ದಾರ್ಯಾಗ ಬರ್ತದಲ್ಲ.”

“ಇಷ್ಟ ವರ್ಷ ಗಾಡಿ ಹೊಡದಾಕಿ ನಾನು. ನೀ ಯಾವಾಗ್ಲೂ ಇಲ್ಲೆ ಬರೂತನಾ ನಿದ್ದಿ ಮಾಡ್ಕೋತ ಬರ್ತಿದ್ದಿ.”

ಅದು ನಿಜ. ಹಳ್ಳದ ಉದ್ದಕ್ಕೂ ತೂಗಾಡುವ ಗಾಡಿಯಲ್ಲಿ ನನಗೆ ತೊಟ್ಟಿಲಿನಲ್ಲಿ ಹಾಕಿದ ಹಾಗೆ ನಿದ್ದೆ ಬರುತ್ತಿತ್ತು. ಆದರೂ ಫೋನು ತೆಗೆದು ನೋಡಿದೆ. ನೀಲಿ ಚುಕ್ಕೆ ನಾವು ಹೋಗಬೇಕಾದ ಗೆರೆಯಿಂದ ಮೆಲ್ಲಗೆ ದೂರ ಸರಿಯುತ್ತಿತ್ತು. ತೋರಿಸಿದೆ. ಅವಳು ನೋಡಲೇ ಇಲ್ಲ. “ಅದನ್ನ ಒಳಗಿಡು,” ಅಂದಳು. ಆ ದನಿ ನನಗೆ ಹೊಸದು. ಅಕ್ಕ ಬೈದರೆ ಬೈಗುಳದಲ್ಲೇ ಒಂದು ನಗು ಇರುತ್ತಿತ್ತು, ಇದರಲ್ಲಿ ಇರಲಿಲ್ಲ.

ದಾರಿ ಏರತೊಡಗಿತು. ಮೊದಲು ಅಗಲವಾಗಿಯೇ ಇತ್ತು. ಗುಡ್ಡದ ಪಕ್ಕೆಗೆ ಬಂದ ಮೇಲೆ ಕಿರಿದಾಯಿತು. ಎಡಗಡೆ, ಅಕ್ಕನ ಬದಿಗೆ, ಕಡಿದ ಬೆಟ್ಟದ ಗೋಡೆ. ಬಲಗಡೆ, ನನ್ನ ಬದಿಗೆ, ಏನೂ ಇಲ್ಲ. ಕಿಟಕಿಯಿಂದ ಕೆಳಗೆ ನೋಡಿದರೆ ದಾರಿಯ ಅಂಚೂ ಕಾಣುತ್ತಿರಲಿಲ್ಲ. ಬಹಳ ಕೆಳಗೆ, ನಾವು ಹಾದು ಬಂದ ಹಳ್ಳದ ಬಿಳಿ ಮರಳು ಮಾತ್ರ ಕಾಣುತ್ತಿತ್ತು. ಇಂಥ ದಾರಿಯಲ್ಲಿ ಅಕ್ಕನ ಜೊತೆ ಮೊದಲೂ ಹೋಗಿದ್ದೇನೆ. ಹೆದರಿಕೆಯಾದರೆ ಅವಳ ಕೈ ನೋಡುತ್ತಿದ್ದೆ. ಸ್ಟೀರಿಂಗಿನ ಮೇಲೆ ಅವಳ ಕೈ ಎಂದೂ ಬಿಗಿಯಾಗಿರುತ್ತಿರಲಿಲ್ಲ. ಅವತ್ತು ಗೆಣ್ಣುಗಳೆಲ್ಲ ಬೆಳ್ಳಗಾಗಿದ್ದವು.

ಒಂದು ತಿರುವು ದಾಟಿದೆವು. ಮುಂದೆ ದಾರಿಯ ಹೊರ ಅಂಚು ಮಳೆಗೆ ಕೊಚ್ಚಿಹೋಗಿತ್ತು. ಉಳಿದದ್ದು ಗಾಡಿ ಹಿಡಿಸುವಷ್ಟೂ ಅಗಲವಿರಲಿಲ್ಲ. ಅಕ್ಕ ನಿಲ್ಲಿಸಿದಳು.

ನಿಲ್ಲಿಸಿದ್ದು ಸರಿಯೇ. ಹಿಂದೆಯೂ ಹೀಗೆ ಎಷ್ಟೋ ಸಲ ನಿಲ್ಲಿಸಿ, ಇಳಿದು ಹೋಗಿ ನೆಲ ನೋಡಿ ಬರುತ್ತಿದ್ದಳು. ಈಗಲೂ ಇಳಿಯುತ್ತಾಳೆ ಎಂದು ಕಾದೆ. ಅವಳು ಇಳಿಯಲಿಲ್ಲ. ಎಂಜಿನ್ ಗುರುಗುಡುತ್ತಲೇ ಇತ್ತು. ಅವಳು ಕೈಯನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಗಾಜಿನಾಚೆ ನೋಡುತ್ತ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಯಾರದೋ ಮನೆಗೆ ಬಂದ ಅತಿಥಿ ಕೇಳುವ ಹಾಗೆ ಬಹಳ ಸೌಮ್ಯವಾಗಿ ಕೇಳಿದಳು:

“ಇಲ್ಲೆ ಯಾಕ ಬಂದ್ವಿ ನಾವು?”

“ಕ್ಯಾಂಪಿಂಗಿಗೆ ಬಂದೇವಲ್ಲ ಅಕ್ಕಾ.”

“ಹೌದಾ? ಯಾರು ಕರಕೊಂಡ ಬಂದ್ರು?”

ಅವಳ ಕಾಲು ಬ್ರೇಕಿನ ಮೇಲಿತ್ತು. ಆ ಕಾಲು ಅಲ್ಲೇ ಇರಬೇಕು ಎನ್ನುವುದು ಅವಳಿಗೆ ನೆನಪಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನನ್ನ ಬಾಗಿಲು ತೆರೆದರೆ ಕಾಲಿಡಲು ನೆಲವಿಲ್ಲ. ಅವಳ ಮುಖ ನೋಡುತ್ತಲೇ, ಆಸ್ಪತ್ರೆಯಲ್ಲಿ ಗಾಬರಿಯಾದವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದೆ: “ನೀನ ಕರಕೊಂಡ ಬಂದಿ ಅಕ್ಕಾ. ಈಗ ಬ್ರೇಕ್ ಮ್ಯಾಲಿನ ಕಾಲು ತಗೀಬ್ಯಾಡ. ಗೇರು ಪಾರ್ಕಿಗೆ ಹಾಕು.”

ಹಾಕಿದಳು.

“ಹ್ಯಾಂಡ್ ಬ್ರೇಕ್ ಎಳಿ.”

ಎಳೆದಳು. ನಾನು ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ. ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ, ಕೆಳಗೆ ಎಲ್ಲೋ ಒಂದು ಕಾಡುಗತ್ತೆ ಒದರಿದ್ದು ಪಕ್ಕದಲ್ಲೇ ಕೇಳಿಸಿದ ಹಾಗಾಯಿತು. ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತಾನ ಆ ಬೆಟ್ಟಗಳಲ್ಲಿ ಇನ್ನೂ ತಿರುಗಾಡಿಕೊಂಡಿದೆ.

ನೀರಿನ ಬಾಟಲಿ ಕೊಟ್ಟೆ, ಕುಡಿದಳು. ಮುಖಕ್ಕೂ ಒಂದಿಷ್ಟು ಚಿಮುಕಿಸಿಕೊಂಡಳು. ಕಣ್ಣಿನಲ್ಲಿ ಅವಳು ಮರಳಿ ಬಂದದ್ದು ನನಗೆ ಕಂಡಿತು. ಬೇರೆ ಥರ ಹೇಳಲು ಬರುವುದಿಲ್ಲ. ದಾರಿ ನೋಡಿದಳು, ಕೊಚ್ಚಿಹೋದ ಅಂಚು ನೋಡಿದಳು, ನನ್ನನ್ನು ನೋಡಿದಳು. ಏನಾಯಿತೆಂದು ಅವಳಿಗೂ ಗೊತ್ತಾಗಿತ್ತು.

“ದಾರಿ ತಪ್ಪೇದ,” ಅಂದಳು. “ಹಿಂದ ತಗೋಬೇಕು. ಹೊಳ್ಳಿಸ್ಲಿಕ್ಕೆ ಜಾಗ ಇಲ್ಲ.”

“ನಾ ಹೊಡೀತೀನಿ.”

“ನಿನಗ ಬರಂಗಿಲ್ಲ. ಎಂದರ ಹೊಡದೀ ಇಂಥಾ ದಾರ್ಯಾಗ?”

“ಹೊಡದಿಲ್ಲ. ನೀ ಹಿಂದ ನಿಂತು ಕೈ ತೋರ್ಸು.”

ಅವಳು ಒಪ್ಪಿದ್ದು ನನಗೆ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು. ಎಂದಿನ ಅಕ್ಕನಾಗಿದ್ದರೆ ಒಪ್ಪುತ್ತಿರಲಿಲ್ಲ.

ನನಗೆ ಬೇರೆ ದಾರಿಯೂ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಒಂದು ಪುಟ್ಟ ಯಂತ್ರವನ್ನು ಮಾಮಾ ಹಿಂದೆಯೇ ಕೊಡಿಸಿದ್ದರು. ಅದು ಅಕ್ಕನ ಮನೆಯ ಗೋಡೆಯಲ್ಲಿ ಚಾರ್ಜಿಗೆ ಹಾಕಿದಲ್ಲೇ ಉಳಿದಿತ್ತು. ನಡೆದು ಹೋಗಬಹುದಿತ್ತು, ಆದರೆ ಕೊನೆಯ ಊರು ದಿನಗಟ್ಟಲೆ ನಡೆಯುವಷ್ಟು ಹಿಂದೆ. ಅಕ್ಕನನ್ನು ಗಾಡಿಯ ಹತ್ತಿರ ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ, ಕರೆದುಕೊಂಡು ಹೋಗುವುದೂ ಅಷ್ಟೇ ಕಷ್ಟ. ಹೀಗೆಲ್ಲ ಲೆಕ್ಕ ಹಾಕಿ, ಕಡೆಗೆ ಈಗಷ್ಟೇ ತಾನೆಲ್ಲಿದ್ದೇನೆಂದು ಗೊತ್ತಿರದಿದ್ದವಳ ಕೈ ನೋಡಿಕೊಂಡು ಪ್ರಪಾತದ ಅಂಚಿನಲ್ಲಿ ಹಿಂದಕ್ಕೆ ಗಾಡಿ ಬಿಡಲು ಕೂತೆ.

ಅಕ್ಕ ತನ್ನ ಬದಿಯಿಂದ ಇಳಿದಳು. ಬೆಟ್ಟದ ಗೋಡೆಗೂ ಬಾಗಿಲಿಗೂ ನಡುವೆ ಒಬ್ಬರು ನುಸುಳುವಷ್ಟು ಜಾಗವಿತ್ತು. ನಾನು ಸೀಟಿನ ಮೇಲೆ ಸರಿದು ಅವಳ ಜಾಗಕ್ಕೆ ಬಂದೆ. ಅವಳು ಹಿಂದೆ ಹೋಗಿ, ಎಡಗನ್ನಡಿಯಲ್ಲಿ ನನಗೆ ಕಾಣುವ ಹಾಗೆ ನಿಂತು, ಜೋರಾಗಿ ಹೇಳಿದಳು: “ನಾ ಯಾವ ಕಡೆ ಕೈ ತೋರಸ್ತೀನಿ, ಗಾಡಿ ಹಿಂಭಾಗ ಆ ಕಡೆ ಹೋಗಬೇಕು. ಮುಷ್ಟಿ ಹಿಡದ್ರ ನಿಲ್ಲಸು. ಬ್ಯಾರೆ ಏನೂ ವಿಚಾರ ಮಾಡಬ್ಯಾಡ.”

ಬೇರೆ ಏನೂ ವಿಚಾರ ಮಾಡದೆ ಇರುವುದು ಹೇಗೆ?

ಗಾಡಿ ತೆವಳುತ್ತ ಹಿಂದಕ್ಕೆ ಹೊರಟಿತು. ಕನ್ನಡಿಯಲ್ಲಿ ಅಕ್ಕನ ಕೈ. ಅವಳೂ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು. ಹೆಜ್ಜೆ ಇಡುವ ಮೊದಲು ಪ್ರತಿ ಸಲ ತಿರುಗಿ ನೆಲ ನೋಡುತ್ತಿದ್ದಳು. ಎಡ, ಇನ್ನೂ ಎಡ, ನೇರ, ನಿಲ್ಲಿಸು. ಗಾಲಿಯ ಬಳಿ ಬಂದು ಒಂದು ಕಲ್ಲು ಒದ್ದು ಸರಿಸಿ ಮತ್ತೆ ಹಿಂದೆ ಹೋದಳು. ಅವಳ ಕೈ ಒಮ್ಮೆಯೂ ತಡವರಿಸಲಿಲ್ಲ.

ತಿರುವಿಗೆ ಬಂದೆವು. ಬೆಟ್ಟದ ಗೋಡೆಯಿಂದ ಒಂದು ಬಂಡೆ ಹೊರಗೆ ಚಾಚಿಕೊಂಡಿತ್ತು. ಹತ್ತುವಾಗ ಅದನ್ನು ನಾನು ಗಮನಿಸಿರಲಿಲ್ಲ, ಈಗ ಕನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಅಕ್ಕ ಬಲಕ್ಕೆ ಕೈ ತೋರಿಸಿದಳು. ಬಲಕ್ಕೆ ಅಂದರೆ ಪ್ರಪಾತದ ಕಡೆ. ನಾನು ನಿಲ್ಲಿಸಿದೆ. ಅವಳು ಮತ್ತೆ ಬಲಕ್ಕೆ ಕೈ ಬೀಸಿದಳು, ಇನ್ನೂ ಜೋರಾಗಿ. ಅವಳಿಗೆ ಎಡ ಬಲ ತಪ್ಪಿತು, ಮತ್ತೆ ಹಾಗಾಯಿತು, ಅಂದುಕೊಂಡೆ. ಕುತ್ತಿಗೆ ಚಾಚಿ ಅವಳ ಕಣ್ಣು ನೋಡಲು ಪ್ರಯತ್ನಪಟ್ಟೆ. ಬಿಸಿಲಿಗೆ ಹುಬ್ಬು ಗಂಟಿಕ್ಕಿದ ಮುಖ ಕಂಡಿತೇ ಹೊರತು ಮತ್ತೇನೂ ತಿಳಿಯಲಿಲ್ಲ. ನಾನು ಸ್ಟೀರಿಂಗನ್ನು ತಿರುಗಿಸಿ ಗೋಡೆಯ ಕಡೆಗೇ ಗಾಡಿ ಬಿಟ್ಟೆ.

ಧಡ್ ಎಂದು ಹಿಂಭಾಗ ಬಂಡೆಗೆ ಬಡಿಯಿತು. ಗಾಜು ಪುಡಿಯಾಗಿ ಬಿದ್ದ ಸದ್ದು.

ಅಕ್ಕ ಓಡಿಬಂದು ಕಿಟಕಿಗೆ ಬಡಿದಳು. “ಏನ್ ಹೇಳಿದ್ನಿ ನಾ? ಯಾವ ಕಡೆ ಕೈ ತೋರ್ಸಿದ್ನಿ?”

“ಆ ಕಡೆ ದರಿ ಅದ ಅಕ್ಕಾ!”

“ದರಿ ಅದ ಅಂತ ನನಗ ಗೊತ್ತಿಲ್ಲ? ಇನ್ನೂ ಜಾಗ ಇತ್ತು. ಬಂಡಿಗಲ್ಲು ಹತ್ರ ಅದ ಅಂತನ ಆ ಕಡೆ ತೋರ್ಸಿದ್ನಿ.” ಅವಳ ದನಿ ಒಡೆಯಿತು. “ನಂಬಲಿಲ್ಲ ನೀ ನನ್ನ.”

ಅವಳು ಕಣ್ಣು ಒರೆಸಿಕೊಂಡು ಮತ್ತೆ ಹಿಂದೆ ಹೋಗಿ ನಿಂತಳು. ಸ್ವಲ್ಪ ಮುಂದೆ ತೆಗೆದುಕೊಂಡು, ಈ ಸಲ ಅವಳು ತೋರಿಸಿದಂತೆ ಬಲಕ್ಕೆ ಬಿಟ್ಟೆ. ನನ್ನ ಇಡೀ ಮೈ ಬೇಡ ಬೇಡ ಅನ್ನುತ್ತಿತ್ತು. ಗಾಡಿ ಬಂಡೆಯನ್ನು ಬಳಸಿ ಆರಾಮಾಗಿ ದಾಟಿತು. ಅಲ್ಲಿಂದ ಕೆಳಗೆ, ದಾರಿ ಅಗಲವಾಗುವ ತನಕ, ಅವಳು ಒಂದೇ ಒಂದು ತಪ್ಪು ಮಾಡಲಿಲ್ಲ.

ಗಾಡಿ ತಿರುಗಿಸುವಷ್ಟು ಜಾಗ ಸಿಕ್ಕಾಗ ನಾನು ಇಳಿದು ದಾರಿಯ ಮೇಲೇ ಕೂತುಬಿಟ್ಟೆ. ಅಕ್ಕ ಬಂದು ಎದುರಿಗೆ ನಿಂತು ಕೈ ಚಾಚಿದಳು. “ಕೀಲಿ ಕೊಡು.”

“ಕೊಡಂಗಿಲ್ಲ.”

ಹುಟ್ಟಿದಾಗಿನಿಂದ ಆ ವರೆಗೆ ಅಕ್ಕನಿಗೆ ನಾನು ಹಾಗೆ ಹೇಳಿದ್ದೇ ಇಲ್ಲ. ಅವಳ ಮುಖದಲ್ಲಿ ಸಿಟ್ಟು ಬರುವುದೆಂದು ಕಾದೆ. ಬರಲಿಲ್ಲ. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಇಟ್ಟುಕೊಂಡಿದ್ದು, ಆಮೇಲೆ ಹೋಗಿ ನನ್ನ ಸೀಟಿನಲ್ಲಿ ಕೂತಳು.

ಕಣಿವೆಯ ಬಾಯಿಗೆ ಇಳಿದು, ಹಳ್ಳದ ಪಕ್ಕದ ಎತ್ತರದಲ್ಲಿ ಡೇರೆ ಹಾಕಿದೆವು. ಬಿಸಿಲಿನ್ನೂ ಇತ್ತು. ಡೇರೆಯ ಕೋಲುಗಳನ್ನು ಅಕ್ಕನೇ ಜೋಡಿಸಿದಳು, ಗೂಟ ಹೊಡೆದಳು, ಒಲೆ ಹಚ್ಚಿ ಚಹಾ ಮಾಡಿದಳು. ಎಲ್ಲ ಮೊದಲಿನ ಹಾಗೆಯೇ. ಸಕ್ಕರೆ ನನಗೆಷ್ಟು ಬೇಕು ಎನ್ನುವುದೂ ಸರಿಯಾಗಿ ನೆನಪಿತ್ತು. ಅದನ್ನು ನೋಡನೋಡುತ್ತ ನನಗೇ ಅನುಮಾನ ಬಂತು. ಮೇಲೆ ನಡೆದದ್ದು ನಡೆದೇ ಇತ್ತೇ? ಎತ್ತರಕ್ಕೆ, ಬಿಸಿಲಿಗೆ, ನೀರು ಕಡಿಮೆ ಕುಡಿದದ್ದಕ್ಕೆ ಹಾಗಾಯಿತೇ? ಸೇಜ್ ಪೊದೆಗಳ ಕಹಿ ವಾಸನೆ ಗಾಳಿಗೆ ಬರುತ್ತಿತ್ತು. ಎದುರಿನ ಬೆಟ್ಟ ಕೆಂಪಾಗಿ, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಎಂದಿನ ಸಂಜೆಯಾಗಿದ್ದರೆ ಅಕ್ಕ ಆ ಬೆಟ್ಟದ ಪದರಗಳನ್ನು ತೋರಿಸಿ ಏನಾದರೂ ಹೇಳುತ್ತಿದ್ದಳು.

ರೊಟ್ಟಿ ಮುರಿಯುತ್ತ ಅವಳೇ ಮಾತೆತ್ತಿದಳು. “ಇದನ್ನ ಮಾಮಾಗ ಹೇಳಬ್ಯಾಡ.”

ನಾನು ಚಟ್ನಿಯ ಡಬ್ಬಿ ತೆರೆದೆ.

“ಅವರು ಗಾಬ್ರಿ ಆಗ್ತಾರ. ಒಂದ ಸಲ ಆಗೇದ ಇದು. ದಣಿವಾಗಿತ್ತು.”

“ಒಂದ ಸಲನ?”

ಅವಳು ರೊಟ್ಟಿಗೆ ಚಟ್ನಿ ಹಚ್ಚಿ ನನ್ನ ತಟ್ಟೆಗೆ ಹಾಕಿದಳು. ನಾನು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ನನ್ನ ಮೌನವನ್ನು ಅವಳು ಒಪ್ಪಿಗೆ ಎಂದುಕೊಂಡಳು. ಹಾಗೆ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಮರುದಿನ ಇನ್ನೊಂದು ರಾತ್ರಿ ಉಳಿಯದೆ ಮನೆಗೆ ಹೊರಟೆವು. ನಾನು ಓಡಿಸಿದೆ. ಅಷ್ಟು ದೊಡ್ಡ ಗಾಡಿ ನನಗೆ ಹೊಸದು. ಅಕ್ಕ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ತಿದ್ದುತ್ತಿದ್ದಳು: ಇಳಿಜಾರಿನಲ್ಲಿ ಬ್ರೇಕು ತುಳಿಯಬೇಡ, ಗೇರು ಇಳಿಸು, ಮುಂದೆ ಲಾರಿ ಬಂದಾಗ ಗಾಳಿ ತಳ್ಳುತ್ತದೆ, ಗಟ್ಟಿ ಹಿಡಿ, ಈ ಎಕ್ಸಿಟ್ ಅಲ್ಲ, ಮುಂದಿನದು. ಎಲ್ಲವೂ ಸರಿ. ಒಂದೇ ಒಂದು ತಿರುವು ತಪ್ಪಿಸದೆ ನನ್ನನ್ನು ಪ್ಲೆಸೆಂಟನ್ನಿನ ಅವಳ ಮನೆಯ ಬಾಗಿಲಿಗೆ ತಂದು ಮುಟ್ಟಿಸಿದಳು.

ಮಾಮಾ ಹೊರಗೆ ಬಂದು ಮೊದಲು ನೋಡಿದ್ದು ಒಡೆದ ಹಿಂದಿನ ದೀಪವನ್ನು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: “ಇಕೀ ಹಿಂದ ತಗೊಳ್ಳುಮುಂದ ಬಂಡಿಗಲ್ಲಿಗೆ ಬಡದಾಳ. ನಾ ಹೇಳಿದ್ದು ಕೇಳಲಿಲ್ಲ.”

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಚೀಲ ಹಿಡಿದುಕೊಂಡು ನಿಂತಿದ್ದೆ. ಮಾಮಾ ನನ್ನ ಮುಖ ನೋಡಿದರು. “ಇರ್ಲಿ ಬಿಡವಾ, ದೀಪ ಹಾಕಿಸಿದ್ರಾತು,” ಅಂದು ಒಳಗೆ ಹೋದರು.

ಆಮೇಲೆ ಹಲವು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಾತ್ರೆಯ ಹೆಸರು ಓದುವಾಗ, ಆ ಹೆಸರಿನ ಮುಂದೆ ಯಾರದೋ ಅಕ್ಕ, ಯಾರದೋ ಅಮ್ಮ ಕಾಣತೊಡಗಿದರು. ಅಕ್ಕ ಒಬ್ಬಳೇ ಮತ್ತೆ ಗಾಡಿ ತೆಗೆದುಕೊಂಡು ಆ ದಾರಿಗೆ ಹೋದರೆ? ಅಷ್ಟು ದೂರ ಯಾಕೆ, ಗ್ರೋಸರಿಗೆ ಹೋದವಳು ಫ್ರೀವೇಯ ನಡುವೆ ನನ್ನನ್ನು ಕೇಳಿದ ಹಾಗೆ ‘ಇಲ್ಲೆ ಯಾಕ ಬಂದೆ’ ಎಂದು ತನ್ನನ್ನೇ ಕೇಳಿಕೊಂಡರೆ? ಊಟದ ಬಿಡುವಿನಲ್ಲಿ ಆಸ್ಪತ್ರೆಯ ಪಾರ್ಕಿಂಗಿಗೆ ಇಳಿದು ಬಂದು ಮಾಮಾಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ.

ಅವರು ಎಲ್ಲ ಕೇಳಿ, “ಹಂಗಂದ್ರ ನಿನಗೂ ಕಂಡದ,” ಅಂದರು.

“ನಿಮಗ ಮೊದ್ಲ ಗೊತ್ತಿತ್ತೇನು ಮಾಮಾ?”

“ಒಂದೆರಡ ಸಲ ಆಗಿತ್ತು. ಒಮ್ಮೆ ಓಣ್ಯಾಗ ನಿಂತು ನಮ್ಮ ಮನಿ ಯಾವ್ದು ಅಂತ ಕೇಳಿದ್ಲು. ನಗ್ಯಾಡಿ ಮುಚ್ಚಿಬಿಟ್ಲು. ನನಗ ಹುಚ್ಚು ಹಿಡದದೋ ಆಕೀಗೋ ತಿಳೀಲಿಲ್ಲ.”

“ಗೊತ್ತಿದ್ದೂ ಆ ಬೆಟ್ಟಕ್ಕ ಕಳಿಸಿದ್ರಿ?”

“ತಡದ್ರ ಕೇಳ್ತಾಳೇನ ಆಕೀ? ನೀ ಜೊತೀಗೆ ಇರ್ತೀ ಅಂತ...” ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು: “ಬ್ಯಾರೆ ಯಾರರ ನೋಡ್ಲಿ ಅಂತ ಅನಿಸಿತ್ತು. ನಾ ಒಬ್ನ ನೋಡಿದ್ದು ಖರೇನೋ ಸುಳ್ಳೋ ಅಂತ.”

ನನಗೆ ಮೈ ಉರಿಯಿತು. ಒಂದು ಗೇಣು ಆಚೆ ಈಚೆಯಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಕೂಗಿದೆ. ಪಾರ್ಕಿಂಗಿನಲ್ಲಿ ಯಾರೋ ತಿರುಗಿ ನೋಡಿದರು. ಮಾಮಾ ಆ ಕಡೆ ಅಳುತ್ತಿದ್ದರು. ಮನೆಯಲ್ಲಿ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಒಬ್ಬರೇ ಹೆದರಿಕೊಂಡು ಕೂತಿದ್ದ ಆ ಮನುಷ್ಯನ ಮೇಲೆ ಬಹಳ ಹೊತ್ತು ಸಿಟ್ಟು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಪೂರ್ತಿ ಹೋಗಿದೆ ಎಂದೂ ಹೇಳಲಾರೆ.

ಅಕ್ಕನ ಮಗಳಿಗೆ ತಿಳಿಸಿದೆವು. ಚಿಕ್ಕಮ್ಮನಾದ ನನಗೆ ಮೌಶಿ ಅನ್ನುವ ಅವಳು ಕನ್ನಡ ಎಲ್ಲ ತಿಳಿದುಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಮೌಶಿ, ಐ ಥಾಟ್ ಶಿ ವಾಸ್ ಜಸ್ಟ್ ಬೀಯಿಂಗ್ ಅಮ್ಮ,” ಅಂದಳು. ಅಮ್ಮ ಸುಮ್ಮನೆ ಅಮ್ಮನ ಹಾಗೆಯೇ ಆಡುತ್ತಿದ್ದಾಳೆ ಅಂದುಕೊಂಡಿದ್ದಳಂತೆ. ನಾವೆಲ್ಲ ಅಷ್ಟೇ.

ಡಾಕ್ಟರ ಬಳಿ ಹೋಗಬೇಕೆಂದು ಮೂವರೂ ಕೂತು ಹೇಳಿದ ದಿನ ಅಕ್ಕ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. “ನೀ ಹೇಳಿದಿ,” ಅಂದಳು.

“ಹೇಳಿದೆ ಅಕ್ಕಾ.”

“ನನ್ನ ಕೈ ನೋಡ್ಕೋತ ಕೆಳಗ ಇಳದಿ ನೀ. ನಾ ಇಳಿಸಿದ್ನಿ ನಿನ್ನ. ಅದನ್ನ ಹೇಳಿದ್ಯೇನು?”

ಹೇಳಿದ್ದೆ. ಆದರೆ ಅವಳು ನಿಜವಾಗಿ ಕೇಳುತ್ತಿದ್ದದ್ದು ತನ್ನ ಮೇಲೆ ನನಗಿನ್ನೂ ನಂಬಿಕೆ ಇದೆಯೇ ಎಂದು. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಸಂಜೆ ನಾನು ಟ್ರೇನಿಗೆ ಹೊರಟಾಗಲೂ ಹೊರಗೆ ಬರಲಿಲ್ಲ.

ಪರೀಕ್ಷೆಗಳಾದವು. ಕಾಯಿಲೆಗೆ ಹೆಸರು ಸಿಕ್ಕಿತು, ನನ್ನ ಕೈ ದಾಟಿ ಹೋಗುವಂಥದ್ದೇ ಮಾತ್ರೆಗಳು ಅವಳ ಡಬ್ಬಿಗೂ ಬಂದವು. ಇನ್ನೂ ಮೊದಲ ಹಂತ, ನಿಧಾನವಾಗಿ ಬೆಳೆಯುತ್ತದೆ ಎಂದು ಡಾಕ್ಟರು ಅಂದರು. ಡ್ರೈವಿಂಗು ಬಿಡಬೇಕು ಅಂದಾಗ ಅವಳು ಜಗಳವಾಡಲಿಲ್ಲ. ಎಮ್ಮಿಯನ್ನು ಮಾರಲು ಅವಳೇ ಹೇಳಿದಳು. ಕೊಳ್ಳಲು ಒಂದು ಎಳೆಯ ಜೋಡಿ ಬಂದಿತ್ತು. ಅಕ್ಕ ಅವರಿಗೆ ಪ್ರತಿಯೊಂದು ಸ್ವಿಚ್ಚನ್ನೂ ತೋರಿಸಿ, ಅಡಿಯಲ್ಲಿ ಮಲಗಿ ಎಲ್ಲೆಲ್ಲಿ ಕಲ್ಲು ಬಡಿದಿದೆ ಎಂದು ತೋರಿಸಿ, ಮರಳಿನಲ್ಲಿ ಹುಗಿದರೆ ಏನು ಮಾಡಬೇಕೆಂದು ಹೇಳಿಕೊಟ್ಟಳು. ಗಾಡಿ ತಿರುವು ದಾಟಿ ಹೋದ ಮೇಲೆ ಪಕ್ಕದ ಮನೆಯ ನಾಯಿ ಇನ್ನೂ ಬೊಗಳುತ್ತಿತ್ತು. ಅವಳು ಮುಖ ತೊಳೆಯುತ್ತೇನೆಂದು ಒಳಗೆ ಹೋದಳು.

ಈಗ ನಾನು ಶನಿವಾರಗಳಂದು ಹೋಗುತ್ತೇನೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ತಾನಾಗಿ ಏನೂ ಕೇಳುವುದಿಲ್ಲ. ನನ್ನ ಕೆಲಸ, ನನ್ನ ಮೊಣಕಾಲು ನೋವು, ನನ್ನ ಒಂಟಿ ಅಪಾರ್ಟ್‌ಮೆಂಟು, ಮೊದಲು ಇವೆಲ್ಲ ಅವಳ ಆಡಳಿತಕ್ಕೆ ಸೇರಿದ್ದವು. ಕೇಳದೆ ಇರುವುದು ಕಾಯಿಲೆಯೋ, ನನ್ನ ಮೇಲಿನ ಮುನಿಸೋ, ನನಗೆ ಬೇರ್ಪಡಿಸಿ ನೋಡಲು ಬರುವುದಿಲ್ಲ. ಡಾಕ್ಟರನ್ನು ಕೇಳಿದೆ, ಅವರಿಗೂ ಬರುವುದಿಲ್ಲವಂತೆ.

ಹೋದ ತಿಂಗಳು ಮಾಮಾಗೆ ಸ್ವಲ್ಪ ಬಿಡುವಾಗಲಿ ಎಂದು ನನ್ನ ಸಣ್ಣ ಕಾರಿನಲ್ಲಿ ಅವಳನ್ನು ಲಾಸ್ ಗ್ಯಾಟೋಸ್ ಕಡೆಯ ಗುಡ್ಡಗಳಿಗೆ ಕರೆದುಕೊಂಡು ಹೋದೆ. ಚೆನ್ನಾದ ಡಾಂಬರು ದಾರಿ, ಎರಡೂ ಬದಿಗೆ ಮರಗಳು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದು ತಿರುವಿನಲ್ಲಿ ನಾನು ನಿಧಾನ ಮಾಡಿದಾಗ ಇದ್ದಕ್ಕಿದ್ದ ಹಾಗೆ ಅಂದಳು:

“ಅವತ್ತ ನನಗ ಭಾಳ ಅಂಜಿಕಿ ಬಂದಿತ್ತು.”

“ಯಾವತ್ತ ಅಕ್ಕಾ? ಬೆಟ್ಟದ ಮ್ಯಾಲ?”

ಅವಳು ತಿರುಗಿ ನೋಡಿದಳು. ಹೇಳಬೇಕೆಂದಿದ್ದದ್ದು ಬಾಯಿಯ ತನಕ ಬಂದ ಹಾಗಿತ್ತು. 

“ನೀ ದಾರಿ ನೋಡ್ಕೋತ ಹೊಡಿ,” ಅಂದಳು.

ಹಿಂದೆ ಯಾರೋ ಹಾರ್ನ್ ಮಾಡಿದರು. ನಾನು ದಾರಿ ನೋಡಿಕೊಂಡು ಹೊಡೆದೆ. ಮತ್ತೆ ಕೇಳಲು ಧೈರ್ಯವಾಗಲಿಲ್ಲ, ಅವಳೂ ಹೇಳಲಿಲ್ಲ.